ಮಾವನವರೊಡನೆ ಚಿತ್ರಕಾರನ ಮನೆಗೆ

ಯಾರಾದರೂ ದುಃಖದಲ್ಲಿದ್ದರೆ ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಎಂದು ನಾನು ನಂಬಿದ್ದೇನೆ. ಎಲ್ಲಿಗೆ ಎನ್ನುವುದು ಮುಖ್ಯವಲ್ಲ. ಇದು ಮೈಸೂರಿನ ನಮ್ಮ ಮನೆಯವರಿಗೆಲ್ಲ ಇರುವ ಕಾಯಿಲೆ. ಅಜ್ಜಿಯ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ನಮ್ಮಪ್ಪ ಎಲ್ಲರನ್ನೂ ಮೃಗಾಲಯಕ್ಕೆ ಹೊರಡಿಸಿದ್ದರು. ಜಿರಾಫೆಯ ಮುಂದೆ ನಿಂತು ನಮ್ಮ ಸೋದರತ್ತೆ ಗಳಗಳನೆ ಅತ್ತದ್ದು ನನಗೆ ಚೆನ್ನಾಗಿ ನೆನಪಿದೆ. ಜಿರಾಫೆ ಎಲೆ ತಿನ್ನುವುದನ್ನು ನಿಲ್ಲಿಸಿ ಅವರನ್ನೇ ನೋಡಿತು. ಆದರೂ ನನ್ನ ನಂಬಿಕೆ ಅಲುಗಾಡಿಲ್ಲ.

ಅಮೆರಿಕದಲ್ಲಿ ನಾವಿರುವ ಟೋಟೆಮ್ ಲೇಕಿನ ಹಳೆಯ ಶಾಪಿಂಗ್ ಮಾಲನ್ನು ಕೆಡವುತ್ತಿದ್ದ ವರ್ಷ ಹುಬ್ಬಳ್ಳಿಯಲ್ಲಿ ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿ ವೀಣಾಳ ತಾಯಿ, ತೀರಿಕೊಂಡರು. ವೀಣಾ ಹೋಗಿ ಕರ್ಮಗಳೆಲ್ಲ ಮುಗಿದ ಮೇಲೆ ಮಾವನವರನ್ನು ಜೊತೆಗೇ ಕರೆತಂದಳು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ರೂಢಿಯಾಗಿತ್ತೋ ಏನೋ, ಮೊದಲಿನಿಂದಲೂ ಮಾತು ಕಡಿಮೆ. ಈಗ ಅದೂ ಇಲ್ಲ. ಹಿಂದಿನ ವರ್ಷ ಗಂಡ ಹೆಂಡತಿ ಇಬ್ಬರೂ ಬರುತ್ತಾರೆಂದು ನಾವು ಒಂದು ದೊಡ್ಡ ಮಂಚ ತಂದು ಹಾಕಿದ್ದೆವು. ಮಾವನವರು ಅದರ ಮೇಲೆ ಒಂದು ದಿನವೂ ಮಲಗಲಿಲ್ಲ. ಹಾಲ್‌ನ ಸೋಫಾದಲ್ಲಿ ಕಾಲು ಮಡಚಿಕೊಂಡು ಮಲಗುತ್ತಿದ್ದರು. ಹಾಸಿಗೆ ಮೆತ್ತಗಾಯಿತೇನೋ ಎಂದು ನಾನು ಅದರ ಕೆಳಗೆ ಪ್ಲೈವುಡ್ ಹಾಕಿದೆ. ಆಮೇಲೆ ದಿಂಬು ಬದಲಾಯಿಸಿದೆ. ಆಮೇಲೆ ವಾಸ್ತು ನೋಡಿ ಮಂಚವನ್ನೇ ತಿರುಗಿಸಿದೆ. ಅವರು ಎಲ್ಲವನ್ನೂ ನೋಡಿ, ಸೋಫಾನೇ ಆರಾಮ ಅದ ಎಂದಷ್ಟೇ ಹೇಳಿದರು. ವೀಣಾ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ನೀರಿನ ಸದ್ದಿನಲ್ಲಿ ನಮಗೆ ಕೇಳಿಸುವುದಿಲ್ಲ ಎಂದು ಅವಳು ತಿಳಿದಿದ್ದಳು. ನಾವಿಬ್ಬರೂ ಕೇಳಿಸದವರಂತೆ ಕೂತಿರುತ್ತಿದ್ದೆವು.

ಒಂದು ಶನಿವಾರ ವೀಣಾಳಿಗೆ ಆಫೀಸ್ ಕೆಲಸವಿತ್ತು. ಉತ್ತರಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಸಿಗುವ ಸಣ್ಣ ಊರಿನಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ ಚಿತ್ರಕಾರನೊಬ್ಬನ ಮನೆಯನ್ನು ಇದ್ದಂತೆಯೇ ಉಳಿಸಿ ಮ್ಯೂಸಿಯಂ ಮಾಡಿದ್ದಾರೆಂದು ಇಂಟರ್ನೆಟ್ಟಿನಲ್ಲಿ ಓದಿದೆ. ಅಲ್ಲಿದ್ದ ಫೋಟೋಗಳಲ್ಲಿ ಬರೀ ಅವನು ಬರೆದ ಗುಲಾಬಿ ಹೂಗಳು. ಗುಲಾಬಿಯಿಂದ ಯಾರಿಗೆ ತೊಂದರೆ ಎಂದುಕೊಂಡು ಮಾವನವರನ್ನು ಕಾರಿನಲ್ಲಿ ಕೂರಿಸಿದೆ.

ಗುಲಾಬಿಗಳು ಕೆಳಗಿನ ಅಂತಸ್ತಿನಲ್ಲಿ ಮುಗಿದುಹೋದವು. ಗೈಡ್ ಆಗಿ ಬಂದ ಬೆಳ್ಳಿಗೂದಲಿನ ಹೆಂಗಸು ನಮ್ಮನ್ನು ಮಹಡಿಯ ಮಲಗುವ ಕೋಣೆಗೆ ಕರೆದೊಯ್ದರು. ಕಸೂತಿ ಹೊದಿಕೆಯ ದೊಡ್ಡ ಮಂಚ, ಅದರ ತಲೆಯ ಕಡೆ ಗೋಡೆಗೆ ಒಬ್ಬ ಹೆಂಗಸಿನ ಚಿತ್ರ. ಕಣ್ಣು ಮುಚ್ಚಿದ್ದಳು. ಇದು ಚಿತ್ರಕಾರನ ಹೆಂಡತಿ, ಅವಳು ಸತ್ತ ದಿನ ಬೆಳಿಗ್ಗೆ ಇಲ್ಲೇ ಕೂತು ಅವನು ಬರೆದದ್ದು ಎಂದು ಗೈಡ್ ಮೆಲ್ಲನೆ ವಿವರಿಸಿದರು. ನಾನು ಮಾವನವರ ಕಡೆ ತಿರುಗಿ, ನಿದ್ದೆ ಮಾಡ್ತಾ ಇದಾರಂತೆ ಎಂದು ಅನುವಾದಿಸಿದೆ.

ಮಾವನವರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ನಿದ್ದಿ ಅಲ್ಲರೀ ಅದು. ನಾ ನೋಡೀನಿ," ಎಂದರು. ಆಮೇಲೆ, "ಹೆಂಡ್ತಿ ಹೋದ ಮ್ಯಾಲೆ ಈ ಮನಷ್ಯಾ ಎಲ್ಲಿ ಮಲಗತಿದ್ದಾ? ಅವರನ್ನ ಕೇಳ್ರಿ."

ನಾನು ಕೇಳಿದೆ. ಗೈಡ್, ಇದನ್ನು ಯಾರೂ ಕೇಳುವುದಿಲ್ಲ ಎಂದು ಹೇಳಿ, ಹಗ್ಗ ಕಟ್ಟಿದ್ದ ಬಾಗಿಲೊಂದನ್ನು ತೆರೆದು ಕೆಳಗಿನ ಸ್ಟುಡಿಯೋಗೆ ಕರೆದೊಯ್ದರು. ಬಣ್ಣದ ಡಬ್ಬಿಗಳ ನಡುವೆ ಒಂದು ಗಿಡ್ಡ ಬೆಂಚು. ಸಾಯುವವರೆಗೂ ಅವನು ಮಲಗಿದ್ದು ಅದರ ಮೇಲೆ. ಮಾವನವರು ಬೆಂಚಿನ ಉದ್ದವನ್ನು ಕಣ್ಣಿನಲ್ಲೇ ಅಳೆದು, "ಕಾಲು ಮಡಚ್ಕೊಂಡು," ಎಂದರು.

ಸೋಫಾದ ಸಂಗತಿ ನನಗೆ ಹೊಳೆದದ್ದು ಆಗ, ಪ್ಲೈವುಡ್ ಹಾಕಿದವನಿಗೆ. ಮಾವನವರ ಪ್ರಶ್ನೆ ಕೇಳಿದಾಗಲೇ ಗೈಡಿಗೆ ಅವರ ಸ್ಥಿತಿ ಗೊತ್ತಾಗಿತ್ತು. ನನ್ನ ಗಂಡ ಹೋದ ಮೇಲೆ ಮಂಚದಲ್ಲಿ ಅವನು ಮಲಗುತ್ತಿದ್ದ ಕಡೆ ಒಗೆದ ಬಟ್ಟೆಗಳ ರಾಶಿ ಹಾಕುತ್ತೇನೆ, ಮಡಚುವುದಿಲ್ಲ, ರಾತ್ರಿ ಕೈ ಹೊರಳಿದರೆ ಖಾಲಿ ಇರಬಾರದು ನೋಡಿ, ಎಂದರು. ನಾನು ಅದನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಮಾವನವರು ಆ ಹೆಂಗಸಿಗೆ ಕೈ ಮುಗಿದರು. ಅವರೂ ಕೈ ಮುಗಿದರು. ನಡುವೆ ನಿಂತ ನಾನು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡೆ.

ಮಾರನೆಯ ಬೆಳಿಗ್ಗೆ ಸೋಫಾ ಖಾಲಿಯಾಗಿತ್ತು. ಇಣುಕಿ ನೋಡಿದರೆ ಮಾವನವರು ಮಂಚದ ಬಲಗಡೆ ಮಲಗಿದ್ದಾರೆ. ಎಡಗಡೆ ಡ್ರೈಯರ್‌ನಿಂದ ತೆಗೆದ ನಮ್ಮ ಮನೆಯ ವಾರದ ಬಟ್ಟೆಯೆಲ್ಲ ಗುಡ್ಡೆ ಬಿದ್ದಿದೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವರು ವಾಕಿಂಗ್ ಹೋದದ್ದೇ ತಡ, ಆ ಬಟ್ಟೆಗಳನ್ನೆಲ್ಲ ಅಂಚಿಗೆ ಅಂಚು ಸೇರಿಸಿ ಮಡಚಿ ಬೀರುವಿನಲ್ಲಿಟ್ಟೆ. ಹೊದಿಕೆಯನ್ನೂ ಸುಕ್ಕಿಲ್ಲದಂತೆ ಎಳೆದೆ.

ಆ ರಾತ್ರಿ ಮಾವನವರು ಮತ್ತೆ ಸೋಫಾದಲ್ಲಿ ಮಲಗಿದರು.

ವಿಷಯ ಕೇಳಿದ ವೀಣಾ ನನ್ನನ್ನು ಬೈಯಲಿಲ್ಲ. ಬೀರುವಿನಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಕೊಡವಿ, ಮಡಿಕೆ ಬಿಡಿಸಿ ಮಂಚದ ಎಡಗಡೆಗೆ ಹಾಕಿದಳು. ಕೊನೆಯಲ್ಲಿ ತನ್ನ ಅಮ್ಮನ ಒಂದು ಸೀರೆಯನ್ನು ತಂದು ಅದರೊಳಗೇ ಸೇರಿಸಿದಳು. "ಇನ್ಮೇಲೆ ಈ ರಾಶಿ ಮುಟ್ಟಬೇಡಿ. ಏನ್ ಬೇಕೋ ಅದನ್ನ ಎಳ್ಕೊಂಡು ಹಾಕ್ಕೊಳ್ಳಿ," ಎಂದಳು.

ಹಾಗೆಯೇ ಎಳೆದುಕೊಂಡು ಹಾಕಿಕೊಳ್ಳುತ್ತಿದ್ದೇನೆ. ಮೊನ್ನೆ ಆಫೀಸಿನ ಪಕ್ಕದ ಸೀಟಿನವನು ನನ್ನ ಮುದುಡಿದ ಶರ್ಟನ್ನು ನೋಡಿ, ದನಿ ತಗ್ಗಿಸಿ, ಮನೆಯಲ್ಲಿ ಎಲ್ಲ ಸರಿಯಾಗಿದೆಯಾ ಎಂದು ಕೇಳಿದ. ಸರಿಯಾಗುತ್ತಾ ಇದೆ ಎಂದೆ. ಅವನು ನಂಬಲಿಲ್ಲ.