ಸಮುದ್ರ ದಾಟಿ ಬಂದ ಹಲಗೆ

ಬೆಟಗೇರಿಯಲ್ಲಿ ಒಂದು ಬಂದರು ಇದೆ ಎಂದರೆ ನೀವು ನಗುತ್ತೀರಿ. ನಗಿ, ನನ್ನದೇನೂ ತಕರಾರಿಲ್ಲ. ಸಮುದ್ರ ನಮ್ಮಿಂದ ಐದಾರು ತಾಸಿನ ಬಸ್ ದಾರಿ. ನಳದಲ್ಲಿ ನೀರು ಬರುವುದೇ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಬಂದ ದಿನ ಓಣಿಯಲ್ಲೆಲ್ಲ ಕೊಡಗಳದೇ ಹಬ್ಬ. ಇಂಥ ಊರಿಗೆ ಬಂದರು ಎಲ್ಲಿಂದ ಬರಬೇಕು? ನನ್ನ ಸೋದರಮಾವನ ಹಿತ್ತಲಿಗೆ ಬನ್ನಿ, ತೋರಿಸುತ್ತೇನೆ.

ದೊಡ್ಡ ಯಂತ್ರಗಳು, ಟೈಲ್ಸು, ಕಾಗದದ ಕಟ್ಟುಗಳು ದೂರದ ದೇಶಗಳಿಂದ ಬರುವಾಗ ಅವುಗಳ ಕೆಳಗೆ ಅಗಲವಾದ ಹಲಗೆಯ ಮಣೆಯೊಂದನ್ನು ಇಟ್ಟಿರುತ್ತಾರಲ್ಲ, ಪ್ಯಾಲೆಟ್ ಅನ್ನುತ್ತಾರೆ ಅದಕ್ಕೆ. ಸಾಮಾನು ಇಳಿದ ಮೇಲೆ ಆ ಮಣೆಯನ್ನು ಕೇಳುವವರಿಲ್ಲ. ಚಹಾದಂಗಡಿಯವನು ಒಲೆಗೆ ಒಯ್ಯಬೇಕು, ಇಲ್ಲವೇ ನನ್ನ ಮಾವ ಹಿತ್ತಲಿಗೆ ಒಯ್ಯಬೇಕು. ಗದಗ, ಮುಂಡರಗಿ, ಶಿರಹಟ್ಟಿಯ ಗುಜರಿ ಅಂಗಡಿಗಳಲ್ಲಿ ಮಾವನಿಗೆ ಇರುವ ಮರ್ಯಾದೆ ಬೀಗರ ಮನೆಯಲ್ಲೂ ಇಲ್ಲ. ಮಾವ ಅದನ್ನು ಪ್ಯಾಲೆಟ್ ಅನ್ನುವುದಿಲ್ಲ, ‘ಹಡಗಿನ ಕಟಗಿ’ ಅನ್ನುತ್ತಾರೆ. ಮೊಳೆ ಕಿತ್ತು, ಮೊಳೆಯನ್ನೂ ಕುಟ್ಟಿ ನೆಟ್ಟಗೆ ಮಾಡಿ, ಹಲಗೆಗಳನ್ನು ಬಿಡಿಸಿ ಗೋಡೆಗೆ ಸಾಲಾಗಿ ಒರಗಿಸುತ್ತಾರೆ. ಆಮೇಲೆ ಒಂದೊಂದನ್ನೇ ಮೂಸಿ ನೋಡುತ್ತಾರೆ.

"ಇದು ಹಿಮ ಬೀಳೂ ದೇಶದ್ದು. ಗಮ್ ಅಂತೈತಿ ನೋಡು. ಇದು ಮಳಿ ದೇಶದ್ದು, ಇನ್ನೂ ಹಸಿ ವಾಸನಿ ಬಿಟ್ಟಿಲ್ಲ."

ಅಲ್ಲಿಗೇ ಬಿಟ್ಟರೆ ಪರವಾಗಿಲ್ಲ. ಹಲಗೆಯ ಒಂದು ತುದಿಗೆ ಕಿವಿ ಹಚ್ಚಿ, ಇನ್ನೊಂದು ತುದಿಯನ್ನು ಬೆರಳಿನಿಂದ ಕುಟ್ಟುತ್ತ ಕಣ್ಣು ಮುಚ್ಚುತ್ತಾರೆ. ಮುಖದ ಮೇಲೆ ಒಂದು ನಿಧಾನದ ನಗು ಬರುತ್ತದೆ. ಆ ಹೊತ್ತಿಗೆ ಮಾವ ಬೆಟಗೇರಿಯಲ್ಲಿ ಇರುವುದಿಲ್ಲ.

"ಏನ ಕೇಳಸ್ತೈತಿ ಮಾಮಾ?" ಎಂದು ಬಲಗಿವಿಯ ಹತ್ತಿರ ಹೋಗಿ ಕೂಗುತ್ತೇನೆ.

"ತೆರಿ," ಅನ್ನುತ್ತಾರೆ. "ಇದರ ಹೊಟ್ಯಾಗ ಇನ್ನೂ ತೆರಿ ಅದಾವ."

ಬಲಗಿವಿಯ ಹತ್ತಿರ ಯಾಕೆ ಕೂಗಬೇಕು ಎಂದರೆ, ಮಾವ ಗದಗಿನ ಪ್ರೆಸ್ಸೊಂದರಲ್ಲಿ ಮೂವತ್ತೈದು ವರ್ಷ ಅಚ್ಚಿನ ಯಂತ್ರದ ಪಕ್ಕ ನಿಂತವರು. ಎಡಗಿವಿ ಪೂರಾ ಹೋಗಿದೆ, ಬಲಗಿವಿ ಮನಸ್ಸು ಬಂದಾಗ ಕೆಲಸ ಮಾಡುತ್ತದೆ. ಬೆನ್ನ ಹಿಂದೆ ಲಾರಿ ಹಾರ್ನ್ ಹೊಡೆದರೂ ತಿರುಗದ ಮನುಷ್ಯನಿಗೆ ಒಣಹಲಗೆಯಲ್ಲಿ ತೆರೆಯ ಸಪ್ಪಳ ಕೇಳುತ್ತದಂತೆ. ಸಮುದ್ರವನ್ನು ಒಮ್ಮೆಯಾದರೂ ನೋಡಿದ್ದಾರೆಯೇ? ಅದೂ ಇಲ್ಲ. ಇದನ್ನು ಹುಚ್ಚು ಅನ್ನದೆ ಬೇರೆ ಏನು ಅನ್ನಬೇಕು, ನೀವೇ ಹೇಳಿ.

ಮಾವನ ಮಗ ಕಿವಿಯಂತ್ರ ತಂದುಕೊಟ್ಟಿದ್ದ. ಮಾವ ಎರಡು ದಿನ ಹಾಕಿಕೊಂಡು, "ಎಲ್ಲಾರೂ ಜಗಳ ಆಡಿದಂಗ ಕೇಳಸ್ತೈತಿ" ಎಂದು ತೆಗೆದು, ತಾವೇ ಮಾಡಿದ ಮೇಜಿನ ಡ್ರಾವರಿನಲ್ಲಿ ಜೋಪಾನವಾಗಿ ಇಟ್ಟರು. ಮಳೆಗಾಲ ಬಂತು. ಕಟ್ಟಿಗೆ ಉಬ್ಬಿತು. ಮೂರು ಬೇಸಿಗೆ ಕಳೆದವು, ಡ್ರಾವರು ಇಂದಿನವರೆಗೂ ತೆರೆದಿಲ್ಲ. ಕಿವಿಯಂತ್ರ ಒಳಗೆ ಸುಖವಾಗಿದೆ.

ಮಾವ ಮಾಡಿದ ಸಾಮಾನಿನ ಗುಣವೇ ಅಂಥದು. ಒಂದೂ ಮುಗಿದಿರುವುದಿಲ್ಲ. "ಮುಗೀತೇನ ಮಾಮಾ?" ಎಂದರೆ, "ಇನ್ನೊಂದ ಕೈ ಐತಿ" ಅನ್ನುತ್ತಾರೆ. ಇನ್ನೊಂದು ಕೈ ಹಲಗೆ ನುಣುಪು ಮಾಡುವ ರಂದಾ, ಇನ್ನೊಂದು ಕೈ ಪಾಲಿಶ್. ಆ ಇನ್ನೊಂದು ಕೈ ಬರುವಷ್ಟರಲ್ಲಿ ಮನಸ್ಸು ಬೇರೊಂದು ಹಲಗೆಯ ಮೇಲೆ ಕೂತು ಬೇರೊಂದು ದೇಶಕ್ಕೆ ಹೊರಟಿರುತ್ತದೆ. ಪಡಸಾಲೆಯಲ್ಲಿ ಅವರು ಮಾಡಿದ ಬೆಂಚಿದೆ. ಮಗನ ಸಂಬಂಧ ಮಾತಾಡಲು ಬೆಳ್ಳಟ್ಟಿಯಿಂದ ಹೆಣ್ಣಿನ ತಂದೆ ಬಂದ ದಿನ ಅದಕ್ಕೆ ಪಾಲಿಶ್ ಬಳಿದು ಒಂದು ವಾರವಾಗಿತ್ತು, ಒಣಗಿರಲಿಲ್ಲ. ಅವರು ಅವಲಕ್ಕಿ ತಿಂದರು, ಚಹಾ ಕುಡಿದರು, ಹೊರಡಲು ಎದ್ದರು. ಧೋತರ ಏಳಲಿಲ್ಲ.

ಮಾವನ ಹೆಂಡತಿ, ನಮ್ಮ ಅತ್ತೆಗೆ, ಭೂಮಿ ಬಾಯಿ ತೆರೆದರೆ ಸಾಕು ಅನ್ನಿಸಿತ್ತು. ಆದರೆ ಆ ಪುಣ್ಯಾತ್ಮ ಎರಡೂ ಕೈಯಲ್ಲಿ ಧೋತರ ಹಿಡಿದುಕೊಂಡೇ, "ಇಷ್ಟ ಬಿಗಿ ಹಿಡಕೊಂಡ ಮನಿ ಬಿಟ್ಟ ಹ್ಯಾಂಗ ಹೋಗೂದ್ರಿ, ಆತು, ಮುಂದಿನ ಮಾತ ಆಡೂಣು" ಎಂದು ಮತ್ತೆ ಕೂತುಬಿಟ್ಟರು. ಮದುವೆ ಆಯಿತು.

ನನ್ನ ಲಕ್ಷ್ಮೇಶ್ವರದ ಮನೆಗೂ ಒಂದು ಪುಸ್ತಕದ ಕಪಾಟು ಬಂದಿದೆ. ಹಲಗೆಯ ಮೇಲಿನ ಮುದ್ರೆಗಳನ್ನು ಮಾವ ಉಜ್ಜಿ ತೆಗೆಯುವುದಿಲ್ಲ. "ಅದರ ಪಾಸ್‌ಪೋರ್ಟ ಅದು, ಅಳಸಬಾರದು" ಅನ್ನುತ್ತಾರೆ. ಹಾಗಾಗಿ ನನ್ನ ಕಪಾಟಿನ ನಡುಮಧ್ಯದಲ್ಲಿ ಅಂಗೈ ಅಗಲದ ಒಂದು ಗ್ಲಾಸಿನ ಚಿತ್ರವಿದೆ. ಒಡೆಯುವ ಸಾಮಾನಿದೆ, ಜೋಪಾನ ಎಂದು ಅದರ ಅರ್ಥ. ಅಡರಕಟ್ಟಿಯಿಂದ ಬಂದ ನನ್ನ ಗಂಡನ ಕಾಕಾ ಅದನ್ನೇ ಬಹಳ ಹೊತ್ತು ನೋಡಿ, ಮೆಲ್ಲಗೆ, "ಇದರಾಗ ಏನ ಇಡತೀಯಪಾ?" ಎಂದು ನನ್ನ ಗಂಡನನ್ನು ಕೇಳಿದರು.

"ಪುಸ್ತಕ ಕಾಕಾ."

"ಹೌದ ಬಿಡು," ಎಂದರು ಕಾಕಾ. "ನಿಮ್ಮ ವಯಸ್ಸಿನ್ಯಾಗ ನಾನೂ ಹಂಗ ಹೇಳತಿದ್ದೆ."

ಇಷ್ಟೆಲ್ಲದರ ನಡುವೆ ಮಾವ ಒಂದು ಹಲಗೆಯನ್ನು ಮಾತ್ರ ಯಾವ ಕೆಲಸಕ್ಕೂ ಮುಟ್ಟಿರಲಿಲ್ಲ. ಗಾಳಿಯಂತ್ರದ ಸಾಮಾನಿನ ಜೊತೆ ಬಂದಿದ್ದ, ಹತ್ತಡಿ ಉದ್ದದ, ಒಂದೂ ಗಂಟಿಲ್ಲದ ಹಲಗೆ ಅದು. ಮುಂಡರಗಿಯ ಗುಜರಿಯಲ್ಲಿ ಸಿಕ್ಕಿತ್ತು. ಬಸ್ಸಿನಲ್ಲಿ ತಂದರು. ಕಂಡಕ್ಟರ್ ಲಗೇಜಿನ ಟಿಕೀಟು ಕೊಟ್ಟು, ಹಲಗೆಯನ್ನು ಸೀಟುಗಳ ನಡುವಿನ ದಾರಿಯಲ್ಲಿ ಮಲಗಿಸಿ ಅಂದರೆ ಮಾವ ಒಪ್ಪಲಿಲ್ಲ. "ಸಮುದ್ರ ದಾಟಿ ಬಂದೈತ್ರಿ ಇದು. ಕಿಡಕಿ ಕಡೆ ಇರಲಿ, ನಮ್ಮ ಊರೂ ನೋಡ್ಲಿ." ಬಸ್ಸಿನವರು ನಕ್ಕು ಸರಿದು ಕೂತರು. ಹಲಗೆ ಮೂರು ಸೀಟಿನ ಕಿಟಕಿಗಳ ಗುಂಟ ಒರಗಿ, ಸೂರ್ಯಕಾಂತಿ ಹೊಲಗಳನ್ನು ನೋಡುತ್ತ ಗದಗಿಗೆ ಬಂದಿಳಿಯಿತು.

ಅದು ದೋಣಿಗೆ. ಹೌದು, ಸರಿಯಾಗಿಯೇ ಓದಿದ್ದೀರಿ, ದೋಣಿಗೆ. ಆ ಹಲಗೆ ದೋಣಿಯ ಬೆನ್ನೆಲುಬು ಆಗಬೇಕಿತ್ತು. ಸಂಜೆ ಬಿಸಿಲು ಹಿತ್ತಲಿಗೆ ಓರೆಯಾಗಿ ಬೀಳುವ ಹೊತ್ತಿಗೆ ಮಾವ ಅದರ ಪಕ್ಕ ಕೂತು ಗಾಳಿಯಲ್ಲಿ ಕೈಯಿಂದ ದೋಣಿ ಬರೆಯುತ್ತಿದ್ದರು. ನಾನು ಎಷ್ಟೋ ಸಲ ನಗಲು ಹೋಗಿ, ಕೂತು ನೋಡಿದ್ದೇನೆ. ಅವರ ಕೈ ಅಲ್ಲಾಡುತ್ತಿದ್ದರೆ ಒಂದು ಗಳಿಗೆ ನನಗೂ ಪೇರಲ ಗಿಡದ ಕೆಳಗೆ ನೀರು ಕಂಡಂತಾಗುತ್ತಿತ್ತು.

"ದೋಣಿ ಎಲ್ಲಿ ಬಿಡತೀರಿ? ನೀರಿನ ಟಾಕ್ಯಾಗ?" ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದರು. ಮಾವನಿಗೆ ಕೇಳುತ್ತಿರಲಿಲ್ಲ. ನಾನು ಬಲಗಿವಿಗೆ ಮುಟ್ಟಿಸುತ್ತಿದ್ದೆ.

"ಅದನ್ನ ಮೊದಲ ವಿಚಾರ ಮಾಡಿದವರು ಯಾರೂ ದೋಣಿ ಮಾಡಿಲ್ಲಂತ ಹೇಳು ಆಕಿಗೆ."

ಹೀಗಿರುವಾಗ ಅತ್ತೆಯ ಮೊಣಕಾಲು ಕೈಕೊಟ್ಟವು. ನೆಲಕ್ಕೆ ಕೂರಬಾರದು, ಬಹಳ ಹೊತ್ತು ನಿಲ್ಲಲೂಬಾರದು ಎಂದರು ಡಾಕ್ಟರು. ನಿಮಗೆ ಇದು ಸಣ್ಣ ಮಾತು ಅನ್ನಿಸಬಹುದು. ಅತ್ತೆಗೆ ಅಲ್ಲ. ಅವರು ನಲವತ್ತು ವರ್ಷದಿಂದ ಒಲೆಯ ಮುಂದೆ ನೆಲಕ್ಕೆ ಕೂತು ಜೋಳದ ರೊಟ್ಟಿ ಬಡಿದವರು. ಅವರ ರೊಟ್ಟಿಗಾಗಿ ಅಸುಂಡಿಯ ನೆಂಟರು ಸಂತೆಯ ನೆವ ಮಾಡಿಕೊಂಡು ಬರುತ್ತಿದ್ದರು. ಮಗ, ಸೊಸೆ ಇಬ್ಬರೂ ಶಿರಹಟ್ಟಿಯ ಕಡೆ ಶಾಲೆಯಲ್ಲಿ ಕೆಲಸ, ಬೆಳಿಗ್ಗೆ ಹೋದರೆ ಸಂಜೆಗೇ ಬರುವವರು. ಮನೆಗೆ ಖಾನಾವಳಿಯ ರೊಟ್ಟಿ ಬರತೊಡಗಿತು. ಅತ್ತೆ ಅದನ್ನು ಮುರಿದು ನೋಡಿ ಏನೂ ಅನ್ನದೆ ತಿನ್ನುತ್ತಿದ್ದರು. ಏನಾದರೂ ಅಂದಿದ್ದರೆ ಚೆನ್ನಾಗಿರುತ್ತಿತ್ತು.

ಎರಡು ಮೂರು ತಿಂಗಳು ಹೀಗೇ ಹೋದ ಮೇಲೆ ಮಾವ ಒಂದು ದಿನ ಎದ್ದು ರಂದಾ ಹಿಡಿದರು. ಕುರ್ಚಿಯ ಮೇಲೆ ಕೂತು ರೊಟ್ಟಿ ಬಡಿಯಲು ಒಂದು ಮೇಜು. ಹತ್ತು ದಿನಕ್ಕೆ ತಯಾರಾಯಿತು. ಅತ್ತೆ ಕೂತರು, ಹಿಟ್ಟು ನಾದಿದರು, ಉಂಡೆ ಇಟ್ಟು ಬಡಿದರು. ಜೋಳದ ರೊಟ್ಟಿ ಬಡಿಯುವುದು ಅಂದರೆ ಚಪಾತಿ ಲಟ್ಟಿಸಿದಂತಲ್ಲ. ಮೇಜು ಮೊದಲನೇ ಏಟಿಗೆ ನಡುಗಿತು. ನಾಲ್ಕನೆಯದಕ್ಕೆ ಒಂದು ಹೆಜ್ಜೆ ಇಟ್ಟಿತು. ಆಮೇಲೆ ಅತ್ತೆ ಬಡಿದಂತೆಲ್ಲ ಅದು ಮುಂದೆ ಮುಂದೆ ನಡೆಯಿತು. ಕುರ್ಚಿ ಎಳೆದುಕೊಳ್ಳುತ್ತ ಅತ್ತೆ ಅದರ ಹಿಂದೆ. ಒಂದು ರೊಟ್ಟಿ ಆಗುವಷ್ಟರಲ್ಲಿ ಇಬ್ಬರೂ ಅಡುಗೆಮನೆಯ ಹೊಸ್ತಿಲಿಗೆ ಬಂದಿದ್ದರು. ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಅತ್ತೆಯೂ ನಕ್ಕರು, ಖರೆ. ಆದರೆ ಆ ರೊಟ್ಟಿ ಹರಿದಿತ್ತು.

ಎರಡನೇ ಮೇಜಿನ ಕಾಲಿಗೆ ಹಳೆಯ ಬೀಸುಕಲ್ಲು ಕಟ್ಟಿದರು. ಅದು ನಡೆಯಲಿಲ್ಲ, ಆದರೆ ಎತ್ತರವಾಯಿತು. ಮೂರು ರೊಟ್ಟಿಗೆ ಅತ್ತೆಯ ಹೆಗಲು ಬಿಗಿಯಿತು. ಆ ಭಾನುವಾರ ನಾನು ಹೋದಾಗ ಅತ್ತೆ ತಮ್ಮ ರೊಟ್ಟಿ ಬಡಿಯುವ ಹಲಗೆಯನ್ನು ತೊಳೆದು, ಒರೆಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಮುಂದೆ ಇಟ್ಟರು. ಅವರ ತವರಿನಿಂದ ಬಂದ ಹಲಗೆ ಅದು.

"ನೀ ಒಯ್ಯಿ ಯವ್ವಾ. ನನ್ನ ಕೈಯಾಗಿಂದ ರೊಟ್ಟಿ ಮುಗೀತು. ಸುಮ್ಮನ ಕಣ್ಣ ಮುಂದ ಯಾಕಿರಬೇಕು?"

ನಾನು ಗಂಟನ್ನು ಮೆಲ್ಲಗೆ ಅತ್ತೆಯ ಕಡೆಗೇ ಸರಿಸಿದೆ. ಮಾವ ಬಾಗಿಲಲ್ಲಿ ನಿಂತಿದ್ದರು. ಮಾತು ಕೇಳಿಸಿತೋ ಇಲ್ಲವೋ, ಗಂಟು ಕಂಡಿತು. ಬಂದು ಅದನ್ನು ಎತ್ತಿ ಗೋಡೆಯ ಗೂಡಿನಲ್ಲಿ ಇಟ್ಟರು.

"ಎಂಟ ದಿನ ತಡೀ," ಎಂದರು ನನಗೆ. "ಎಂಟ ದಿನದಾಗ ಆಗಲಿಲ್ಲಂದ್ರ ಒಯ್ಯಿ."

ಒಂದು ಡ್ರಾವರು ತೆರೆಯಲು ಮೂರು ವರ್ಷ ಸಾಲದ ಮನುಷ್ಯ ಎಂಟು ದಿನದ ವಾಯಿದೆ ಹಾಕಿಕೊಂಡರೆ ಏನು ಕಥೆ?

ಐದನೇ ದಿನ ಅತ್ತೆಯ ಫೋನು ಬಂತು. "ನಿಮ್ಮ ಮಾಮಾ ಗ್ವಾಡಿಗೆ ತೂತ ಹೊಡ್ಯಾಕತ್ಯಾರ. ಕೇಳಿದ್ರ ಮಾತಾಡವಲ್ರು. ನೀ ಬಂದ ಕೇಳವಾ." ಹಿಂದಿನಿಂದ ಸುತ್ತಿಗೆಯ ಸಪ್ಪಳ ಬರುತ್ತಿತ್ತು. ಎಂಟನೇ ದಿನ, ಸೋಮವಾರ, ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ ಹೋದೆ.

ಅಡುಗೆಮನೆಗೂ ಪಡಸಾಲೆಗೂ ನಡುವೆ ಇದ್ದ ತೆಳು ಇಟ್ಟಿಗೆಯ ಗೋಡೆಗೆ ಉದ್ದನೆಯ ಕಂಡಿ ಬಿದ್ದಿತ್ತು. ಅದರಲ್ಲಿ ಒಂದು ದಪ್ಪ ಹಲಗೆ ತೂರಿ, ಸುತ್ತಲೂ ಸಿಮೆಂಟು ಮೆತ್ತಿತ್ತು. ಅಡುಗೆಮನೆಯ ಕಡೆ ಆ ಹಲಗೆಯೇ ಮೇಜು. ಒಂದು ಕಡೆ ಗೋಡೆಯೇ ಹಿಡಿದುಕೊಂಡಿತ್ತು, ಇನ್ನೊಂದು ಕಡೆ ಎರಡು ಕಾಲು. ಎಲ್ಲಿಗೂ ನಡೆದು ಹೋಗುವ ಹಾಗಿಲ್ಲ. ಎತ್ತರವೂ ಸರಿಯಿತ್ತು. ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಗಾಳಿಯಲ್ಲಿ ರೊಟ್ಟಿ ಬಡಿಸಿ, ಅವರ ಕೈ ಎಲ್ಲಿಗೆ ಇಳಿಯುತ್ತದೋ ಅಲ್ಲಿಗೆ ದಾರ ಕಟ್ಟಿ ಅಳೆದಿದ್ದರಂತೆ.

ಹಲಗೆಯಲ್ಲಿ ಒಂದೂ ಗಂಟು ಇರಲಿಲ್ಲ. ನಾನು ಹಿತ್ತಲಿನ ಕಡೆ ನೋಡಿದೆ. ಪೇರಲ ಗಿಡದ ಕೆಳಗೆ ಬರಿಯ ಪ್ಲಾಸ್ಟಿಕ್ ಹೊದಿಕೆ ಬಿದ್ದಿತ್ತು.

"ದೋಣಿ, ಮಾಮಾ?"

"ಇರ್ಲಿ ಬಿಡು," ಎಂದರು.

ಅತ್ತೆ ಗೂಡಿನಿಂದ ಗಂಟು ಇಳಿಸಿ, ಸೀರೆಯ ತುಂಡು ಬಿಚ್ಚಿ, ತವರಿನ ಹಲಗೆಯನ್ನು ಹೊಸ ಹಲಗೆಯ ಮೇಲೆ ಇಟ್ಟರು. ಉಂಡೆ ಹಾಕಿ ಬಡಿಯಲು ಶುರು ಮಾಡಿದರು. ಮೇಜು ಅಲ್ಲಾಡಲಿಲ್ಲ. ರೊಟ್ಟಿ ದುಂಡಗೆ ಅಗಲವಾಗುತ್ತ ಹೋಯಿತು. ಅತ್ತೆಯ ಕಣ್ಣು ತುಂಬಿದ್ದವು. ರೊಟ್ಟಿಯನ್ನು ಹಂಚಿಗೆ ಹಾಕಿ ಇನ್ನೊಂದು ಉಂಡೆ ತಗೊಂಡರು.

ಈ ಸುದ್ದಿಯನ್ನು ಮಾವನ ಬಲಗಿವಿಗೆ ಮುಟ್ಟಿಸಬೇಕೆಂದು ಪಡಸಾಲೆಗೆ ಓಡಿದೆ. ಆ ಹಲಗೆ ಗೋಡೆ ದಾಟಿ ಈ ಕಡೆಗೂ ಒಂದು ಮೊಳ ಚಾಚಿಕೊಂಡಿತ್ತು, ಬೀಗರ ಧೋತರ ಹಿಡಿದ ಅದೇ ಬೆಂಚಿನ ಪಕ್ಕಕ್ಕೆ. ಹೆಚ್ಚಾದ ತುಂಡನ್ನು ಕೊಯ್ಯದೆ ಬಿಟ್ಟಿದ್ದಾರೆ, ಯಥಾಪ್ರಕಾರ ಇನ್ನೊಂದು ಕೈ ಬಾಕಿ ಎಂದುಕೊಂಡೆ. ಮಾವ ಬೆಂಚಿನ ಮೇಲೆ ಕೂತಿದ್ದರು. ಅಂಗೈ ಆ ತುಂಡಿನ ಮೇಲಿತ್ತು. ಕಣ್ಣು ಮುಚ್ಚಿದ್ದವು. ತೆರೆ ಕೇಳುವಾಗಿನ ಅದೇ ನಗು ಮುಖದ ಮೇಲೆ.

"ಎರಡನೇದ್ದು ಹಂಚಿಗೆ ಹೋತು," ಎಂದರು ಕಣ್ಣು ತೆರೆಯದೆ.

ನಾನು ತಿರುಗಿ ಬಾಗಿಲಿಂದ ಇಣುಕಿದೆ. ಅತ್ತೆ ಎರಡನೇ ರೊಟ್ಟಿಯನ್ನು ಆಗಷ್ಟೇ ಹಂಚಿಗೆ ಹಾಕಿದ್ದರು.

"ಕಿವಿ ಹೋದ ಮ್ಯಾಲೆ," ಎಂದರು ಮಾವ, ನನಗೋ ಹಲಗೆಗೋ ಗೊತ್ತಾಗಲಿಲ್ಲ, "ಈ ಮನ್ಯಾಗ ನನಗ ಬರತಿದ್ದ ಸಪ್ಪಳ ಇದೊಂದ ನೋಡವಾ. ಆಕಿ ಅಲ್ಲಿ ನೆಲದ ಮ್ಯಾಲೆ ಬಡದ್ರ ಇಲ್ಲಿ ನನ್ನ ಅಂಗಾಲಿಗೆ ಬರತಿತ್ತು. ಹಾಂ, ಆಕಿ ಅದಾಳ ಅಂತ ಸುಮ್ಮನ ಕೂಡತಿದ್ದೆ. ನಾಕ ತಿಂಗಳಾತು, ಮನಿ ಬಿಕೋ ಅಂತಿತ್ತು."

ನಾನು ಅವರ ಕೈಯ ಪಕ್ಕ ನನ್ನ ಅಂಗೈ ಇಟ್ಟೆ. ದಪ್, ದಪ್, ದಪ್. ಬೆರಳಿನಿಂದ ಹತ್ತಿ ಮುಂಗೈಯವರೆಗೆ ಬಂತು. ಇಷ್ಟು ವರ್ಷ ನಾವೆಲ್ಲ ನಕ್ಕಿದ್ದು ನೆನಪಾಗಿ ನನಗೆ ನಾಚಿಕೆಯಾಯಿತು.

"ಇನ್ನೊಂದ ಕೈ ಪಾಲಿಶ್ ಹಾಕತೀಯೇನ ಮಾಮಾ ಇದಕ್ಕ?" ಎಂದು ಬಲಗಿವಿಯ ಹತ್ತಿರ ಕೇಳಿದೆ.

ಮಾವ ಆ ತುಂಡನ್ನು ಅಂಗೈಯಿಂದ ಒಮ್ಮೆ ಸವರಿದರು.

"ಇಲ್ಲ," ಎಂದರು. "ಇದು ಆತು."

ಒಳಗೆ ಬಡಿತ ನಿಂತಿತು. ಎಷ್ಟು ರೊಟ್ಟಿ ಆಗಿದ್ದವೋ ನಾನು ಎಣಿಸಿರಲಿಲ್ಲ. ಅತ್ತೆ ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. ಊಟಕ್ಕೆ ಬರ್ರಿ ಎಂದು ಎಂದಿನಂತೆ ಕೂಗಲಿಲ್ಲ, ಯಾರನ್ನೂ ಕಳಿಸಲೂ ಇಲ್ಲ. ಬರಿಯ ಹಲಗೆಯ ಮೇಲೆ ಅಂಗೈಯಿಂದ ಎರಡು ಸಲ ಮೆಲ್ಲಗೆ ಬಡಿದರು.

"ಬಂದೆ, ಬಂದೆ," ಎನ್ನುತ್ತ ಮಾವ ಬೆಂಚಿನಿಂದ ಎದ್ದರು.