ಸ್ಪೇನ್ ಸಾಹೇಬರ ಹಬ್ಬಗಳೂ ನನ್ನ ಹಂಗಾಮಿ ನೌಕರಿಯೂ

ಎರಡು ಭಾಷೆಗಳ ನಡುವೆ ನಿಂತವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಒಂದರಿಂದ ಪಾರಾದೆ ಅಂತ ಉಸಿರು ಬಿಡುವುದರೊಳಗೆ ಮತ್ತೊಂದು ಬಾಗಿಲಲ್ಲಿ ನಿಂತಿರುತ್ತದೆ. ನನಗೆ ಅವು ಒಂದೇ ಚಳಿಗಾಲದಲ್ಲಿ, ಹದಿನೈದು ದಿನದೊಳಗೆ, ಒಂದರ ಹಿಂದೊಂದು ಬಂದವು.

ಆಗ ನಾನು ಬಾದಾಮಿಯ ಕನ್ನಡ ಸಾಲೆಯಲ್ಲಿ ಹಂಗಾಮಿ ಮಾಸ್ತರ. ಮನೆಯಲ್ಲಿ ಅವ್ವ ಮತ್ತು ಹೊಸದಾಗಿ ಬಂದ ಹೆಂಡತಿ. ಮೇಣಬಸದಿ ಗುಹೆಗಳ ಮೂರ್ತಿಗಳ ಚಿತ್ರ ಬರೆಯಲು ಸ್ಪೇನ್ ದೇಶದ ಒಬ್ಬ ಸಾಹೇಬರು ಬಂದು ಸರಕಾರಿ ಬಂಗಲೆಯಲ್ಲಿ ಇಳಿದರು. ಅವರಿಗೆ ಇಂಗ್ಲಿಷ್ ಬರುತ್ತಿದ್ದದ್ದು ನನಗೆ ಬರುತ್ತಿದ್ದಷ್ಟೇ, ಅಂದರೆ ಕಡಿಮೆ. ನಮ್ಮ ತಾಲೂಕಿನ ಮಾಮಲೇದಾರರಾದ ರಾವಸಾಹೇಬರು ನನ್ನನ್ನು ಕಚೇರಿಗೆ ಕರೆಸಿದರು.

“ಮಾಸ್ತರ, ಈ ಸಾಹೇಬ್ರು ದೊಡ್ಡವರ ಚೀಟಿ ತಂದಾರ. ಇವ್ರ ಕಡೆಯಿಂದ ಒಂದು ತಕರಾರು ಹೋತಂದ್ರ ನಾ ಉತ್ತರ ಹೇಳಬೇಕಾಗ್ತದ. ನೀವು ಅವ್ರ ಮಾತು ನಾಲ್ಕು ಕಲೀರಿ, ಅವ್ರ ಜೋಡಿ ಇರ್ರಿ. ಖುಷೀಲೆ ಊರು ಬಿಟ್ರ ನಿಮ್ಮ ನೌಕರಿ ಕಾಯಂ ಮಾಡ್ರಿ ಅಂತ ನಾ ಬರೀತೀನಿ. ಇಲ್ಲಂದ್ರ...”

ಇಲ್ಲಂದ್ರ ಏನು ಅಂತ ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ.

ಸಾಹೇಬರು ತಮ್ಮ ಹಬ್ಬಗಳನ್ನು ಹಿಡಿದುಕೊಂಡೇ ಮಾತು ಕಲಿಸತೊಡಗಿದರು. ಪುಸ್ತಕದಲ್ಲಿ ಓದಿದ ಮಾತು ಮರೆಯುತ್ತದೆ, ಹಬ್ಬದಲ್ಲಿ ತಿಂದದ್ದರ ಹೆಸರು ಮರೆಯುವುದಿಲ್ಲ ಅನ್ನುವುದು ಅವರ ವಾದ. ಅವರ ದೇಶದಲ್ಲಿ ಡಿಸೆಂಬರಿನ ಕಡೆಯ ವಾರದಿಂದ ಜನವರಿಯ ಮೊದಲ ವಾರದ ತನಕ ಹಬ್ಬದ ಮೇಲೆ ಹಬ್ಬ. ಕೇಳಿದ ಮಾತನ್ನೆಲ್ಲ ನಾನು ಒಂದು ವಹಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಆ ವಹಿ ಕಿಸೆಯಲ್ಲಿದ್ದಷ್ಟು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ.

೧. ನಾತಾಳದ ಊಟ

ನಾವು ನಾತಾಳ ಅನ್ನುವ ಕ್ರಿಸ್‌ಮಸ್ ಹಬ್ಬಕ್ಕೆ ಅವರು ‘ನಾವಿದಾದ್’ ಅನ್ನುತ್ತಿದ್ದರು. ಆ ದಿನ ಹೇಳಬೇಕಾದ ‘ಫೆಲೀಸ್ ನಾವಿದಾದ್’ ಎಂಬ ಶುಭಾಶಯವನ್ನು ಬಾಯಿಪಾಠ ಮಾಡಿಕೊಂಡು ಮಧ್ಯಾಹ್ನ ಬಂಗಲೆಗೆ ಹೋದೆ. ಒಳಗೆ ಕಾಲಿಟ್ಟವನು ಹೊಸ್ತಿಲಲ್ಲೇ ನಿಂತೆ. ಸಾಹೇಬರು ಕುರ್ಚಿಯಲ್ಲಿ ಒರಗಿ ಕೂತಿದ್ದರು. ತುಟಿಯೆಲ್ಲ ಕೆಂಪು, ಬಿಳಿ ಅಂಗಿಯ ಎದೆಯ ಮೇಲೂ ಕೆಂಪು ಹನಿ. ರಕ್ತ ಕಾರಿಕೊಂಡಿದ್ದಾರೆ, ನನ್ನ ನೌಕರಿ ಇವತ್ತಿಗೆ ಮುಗಿಯಿತು ಅಂದುಕೊಂಡೆ. ಬಂಗಲೆಯಲ್ಲಿ ಅಡಿಗೆ ಮಾಡುವ ಮುದುಕ ಬಾಬರ್ಚಿ ಮೂಲೆಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ.

“ಚಾಚಾ, ಏನಾತು?” ಅಂದೆ.

“ನನಗೇನು ಗೊತ್ತ್ರಿ ಮಾಸ್ತರ. ಮುಂಜಾನಿಯಿಂದ ಪಾನ್, ಪಾನ್ ಅಂತಾರ. ನಾ ಎಲಿ ಕಟ್ಟಿ ಕೊಡ್ತೇನಿ. ಅಗೀತಾರ, ಮಾರಿ ಗಂಟು ಹಾಕ್ಕೊಂತಾರ, ಮತ್ತ ಪಾನ್ ಅಂತಾರ. ಈಗಿಂದು ಆರನೇದು.”

ವಹಿ ತೆಗೆದು ನೋಡಿದೆ. ಪಾನ್ ಅಂದರೆ ಅವರ ಮಾತಿನಲ್ಲಿ ರೊಟ್ಟಿ. ಬೆಳಗಿನಿಂದ ಹಸಿದ ಮನುಷ್ಯ ಹಬ್ಬದ ದಿನ ಆರು ಎಲೆ ಅಡಕೆ ತಿಂದು ಕೂತಿದ್ದ. ಓಡಿಹೋಗಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ತರಿಸಿದೆ. ಮೂರು ರೊಟ್ಟಿ ಇಳಿಯುವ ತನಕ ಸಾಹೇಬರು ಮಾತಾಡಲಿಲ್ಲ. ನಾಲ್ಕನೆಯದಕ್ಕೆ ಸ್ವಲ್ಪ ನಕ್ಕರು. ಆಗ ನನಗೆ ಜೀವ ಬಂತು.

ಬಾಬರ್ಚಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: “ಇವ್ರ ಹಬ್ಬ ಭಾಳ ಕಠಿಣ ಐತಿ ಅಂದ್ಕೊಂಡಿದ್ದೆ ನೋಡ್ರಿ. ನಮ್ಮ ರೋಜಾದಾಗ ಸಂಜೀಗರೆ ಊಟ ಐತಿ. ಇವ್ರು ಬರೇ ಪಾನ್ ಮ್ಯಾಲ ದಿನಾ ತಗೀತಾರಲ್ಲ ಅಂತ ನನಗ ದೊಡ್ಡ ಚಿಂತಿ ಆಗಿತ್ತು.”

೨. ಬೆನ್ನಿನ ಗೊಂಬೆ

ಮೂರು ದಿನ ಬಿಟ್ಟು ಸಾಹೇಬರು ಒಂದು ಗೇಣುದ್ದದ ಕಾಗದದ ಗೊಂಬೆ ಕತ್ತರಿಸುತ್ತ ಕೂತಿದ್ದರು. ಗುಂಡುಸೂಜಿ ಬೇಕು ಅಂತ ಕೈಸನ್ನೆ ಮಾಡಿದರು. ಹೊಸ ಮಾತು ಕಲಿಯುವ ಹುರುಪಿನಲ್ಲಿ ನಾನೇ ಹುಡುಕಿ ತಂದುಕೊಟ್ಟೆ. ಆಮೇಲೆ ಇಬ್ಬರೂ ಕಚೇರಿಗೆ ಹೋದೆವು. ರಾವಸಾಹೇಬರು ಬಗ್ಗಿ ಸಹಿ ಹಾಕುತ್ತಿದ್ದಾಗ ಸಾಹೇಬರು ಅವರ ಹಿಂದೆ ಒಂದು ಸುತ್ತು ಹಾಕಿ ಬಂದರು. ಆ ಸುತ್ತು ಯಾಕೆ ಅಂತ ನಾನು ನೋಡಲಿಲ್ಲ. ಸಾಲೆಗೆ ಹೊತ್ತಾಗಿತ್ತು, ಹೊರಟುಹೋದೆ.

ತಾಸು ಕಳೆಯುವುದರೊಳಗೆ ಕಚೇರಿಯಿಂದ ಕರೆ ಬಂತು. ಹೋಗಿ ನೋಡಿದರೆ ಅಂಗಳ ತುಂಬ ಮಂದಿ, ಒಬ್ಬರ ಬಾಯಲ್ಲೂ ಮಾತಿಲ್ಲ. ಅರ್ಜಿ ಕೊಡಲು ಬಂದವರು ಗೋಡೆಗೆ ಅಂಟಿ ನಿಂತಿದ್ದರು. ರಾವಸಾಹೇಬರು ಆಚೆ ಈಚೆ ತಿರುಗಾಡುತ್ತಿದ್ದರು. ಅವರು ಬಂದ ಕಡೆಯಿಂದ ಮಂದಿ ಸರಿದು ದಾರಿ ಬಿಡುತ್ತಿದ್ದರು. ಅವರ ಬೆನ್ನಿನ ಮೇಲೆ ಆ ಗೊಂಬೆ, ಎದೆಗೆ ಸೂಜಿ ಚುಚ್ಚಿಸಿಕೊಂಡು ಜೋತಾಡುತ್ತಿತ್ತು.

ಕಚೇರಿಯ ಹಿರಿಯ ಗುಮಾಸ್ತರಾದ ಶಿರಸ್ತೇದಾರರು ನನ್ನ ಕಿವಿಯಲ್ಲಿ ಹೇಳಿದರು: “ಯಾರೋ ಮಾಟ ಮಾಡಿಸ್ಯಾರ. ಮುಟ್ಟಿದವ್ರಿಗೂ ತಗಲ್ತದ. ಹೇಳಿದವ್ರಿಗೂ ತಗಲ್ತದ.”

ರಾವಸಾಹೇಬರ ಹಣೆಯಲ್ಲಿ ಬೆವರು ಸುರಿಯುತ್ತಿತ್ತು. “ಮಾಸ್ತರ, ಏನಾಗೇದ? ಬ್ಯಾರೆ ಊರಿಗೆ ನನ್ನ ಬದಲಿ ಹುಕುಮು ಬಂದದೇನು? ಮನ್ಯಾಗ ಯಾರಿಗರ ಏನರ ಆಗೇದೇನು? ಒಬ್ಬರೂ ಹೇಳವಲ್ರು.”

ನಾನು ಬಾಯಿ ತೆರೆಯುವುದರೊಳಗೆ ಕಂಬದ ಹಿಂದಿನಿಂದ ಸಾಹೇಬರು ಬಂದು, ಗೊಂಬೆ ಕಿತ್ತು ತೋರಿಸಿ, “ಇನೊಸೆಂತೆ” ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಯಾರೂ ನಗಲಿಲ್ಲ. ಸಾಹೇಬರನ್ನು ಕೇಳಿ ತಿಳಿದುಕೊಂಡು ನಾನು ವಿವರಿಸಿದೆ: ಅವರ ದೇಶದಲ್ಲಿ ಇವತ್ತು ಒಬ್ಬರನ್ನೊಬ್ಬರು ಚೇಷ್ಟೆ ಮಾಡುವ ಹಬ್ಬ, ಮೋಸ ಹೋದವರನ್ನು ಹೀಗೆ ಕರೆಯುತ್ತಾರೆ, ಆ ಮಾತಿಗೆ ಪಾಪ ಅರಿಯದವ, ನಿರಪರಾಧಿ ಅಂತ ಅರ್ಥ.

ರಾವಸಾಹೇಬರು ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ದೇವರನ್ನು ನೆನೆದೆ. ಕಡೆಗೆ ಕುರ್ಚಿಯಲ್ಲಿ ಕೂತು ಮುಖ ಒರೆಸಿಕೊಂಡರು.

“ಇಪ್ಪತ್ತು ವರ್ಷ ಆತು ಮಾಸ್ತರ, ಈ ಕಚೇರಿಗೆ ಬಂದವ್ರೆಲ್ಲ ತಾವು ನಿರಪರಾಧಿ ಅಂತಾನ ಹೇಳ್ತಾರ. ನನಗ ಆ ಮಾತು ಅಂದವ್ರು ಇವ್ರೊಬ್ಬರ.”

೩. ಯಾವ ಸೀರೆ

ಜನವರಿ ಆರಕ್ಕೆ ಅವರದು ಕಾಣಿಕೆ ಕೊಡುವ ಹಬ್ಬ. ಅದಕ್ಕೆ ಒಂದು ಇಳಕಲ್ ಸೀರೆ ಬೇಕು ಅಂದರು. ಹೊಸ ವರ್ಷದ ದಿನ ಚಕ್ಕಡಿ ಕಟ್ಟಿಸಿಕೊಂಡು ಹೊರಟೆವು. ಹುನಗುಂದ ದಾಟಿ ಇಳಕಲ್ಲು ಮುಟ್ಟಲು ಎರಡು ದಿನ ಹಿಡಿಯಿತು. ತಿರುಗಿ ಬರಲು ಮತ್ತೆರಡು ದಿನ ಬೇಕು. ಅಂದರೆ ಸೀರೆ ಮರುದಿನವೇ ಕೈಗೆ ಸಿಗಬೇಕು.

ಒಬ್ಬ ನೇಕಾರನ ಮನೆಗೆ ಹೋದೆವು. ಅವನು ಮಗ್ಗದಲ್ಲಿ, ಹೆಂಡತಿ ಪಕ್ಕದಲ್ಲಿ ನೂಲು ಸುತ್ತುತ್ತ ಕೂತಿದ್ದರು. ಸಾಹೇಬರನ್ನು ಕೂಡಿಸಿ ನಾನು ಎತ್ತಿಗೆ ನೀರು ಕುಡಿಸಲು ಹೊರಗೆ ಹೋದೆ. ಬರುವಷ್ಟರಲ್ಲಿ ಮಗ್ಗದ ಸಪ್ಪಳ ನಿಂತಿತ್ತು. ನೇಕಾರ ಎದ್ದು ನಿಂತಿದ್ದ, ಕಣ್ಣು ಕೆಂಪಾಗಿದ್ದವು. ಹೆಂಡತಿ ಒಳಕೋಣೆ ಸೇರಿದ್ದಳು. ಸಾಹೇಬರು ಮಾತ್ರ ನಗುತ್ತ ಕೂತಿದ್ದರು.

“ಮಾಸ್ತರ, ಇವನ್ನ ಮೊದ್ಲ ಹೊರಗ ಕರ್ಕೊಂಡು ಹೋಗ್ರಿ,” ಅಂದ ನೇಕಾರ. “ಯಾವ ಸೀರಿ ಬೇಕ್ರಿ ಅಂತ ಕೇಳಿದೆ. ಮನ್ಯಾನ ಅಂದ. ಮನ್ಯಾನ ಸೀರಿ, ಮನಿ ಒಳಗಿನ ಸೀರಿ ಅಂದ್ರ ನನ್ನ ಹೇಣ್ತಿ ಉಟ್ಟಿದ್ದು. ಸರಿ ತಿಳಿದಿಲ್ಲ ಅಂತ ಮತ್ತೊಮ್ಮೆ ಕೇಳಿದೆ. ಅಕೀ ಕಡೆ ನೋಡಿ ನಕ್ಕೋತ ಮತ್ತ ಮನ್ಯಾನ ಅಂದ.”

ನೆರೆಮನೆಯ ನಾಲ್ವರು ಬಾಗಿಲಿಗೆ ಬಂದು ನಿಂತರು. ನನ್ನ ವಹಿಯಲ್ಲಿ ಆ ಮಾತು ಇರಲಿಲ್ಲ. ಸಾಹೇಬರನ್ನು ಬೇಡಿಕೊಂಡೆ, ಏನಂದಿರಿ ಅಂತ. ಬಾಗಿಲ ತುಂಬ ನಿಂತವರನ್ನು ನೋಡಿದಾಗ ಅವರ ನಗುವೂ ಹೋಯಿತು. ಕೈ ಎತ್ತಿ ಸೂರ್ಯ ಮುಳುಗಿದ್ದು ತೋರಿಸಿದರು, ಅಂಗೈ ಮೇಲೆ ಕೆನ್ನೆಯಿಟ್ಟು ಮಲಗಿದ್ದು ತೋರಿಸಿದರು, ಮತ್ತೆ ಸೂರ್ಯ ಹುಟ್ಟಿದ್ದು ತೋರಿಸಿದರು. ‘ಮನ್ಯಾನ’ ಅಂದರೆ ನಾಳೆ. ನೇಕಾರ ಯಾವಾಗ ಬೇಕು ಅಂತ ಕೇಳುತ್ತಿದ್ದಾನೆ ಅಂದುಕೊಂಡು ಉತ್ತರ ಕೊಟ್ಟಿದ್ದರು.

ನೇಕಾರ ನನ್ನ ಮುಖ ನೋಡಿದ, ಸಾಹೇಬರ ಮುಖ ನೋಡಿದ. ನಿಧಾನಕ್ಕೆ ಮಗ್ಗದಲ್ಲಿ ಕೂತ.

“ನಾಳೆ ಅನ್ನೋದು ಗಿರಾಕಿ ಆಡೋ ಮಾತಲ್ರಿ ಮಾಸ್ತರ,” ಅಂದ. “ಇಳಕಲ್ಲಾಗ ಅದನ್ನ ನೇಕಾರರು ಆಡ್ತೇವಿ.”

೪. ಮೂವರು ರಾಜರು

ಪುಣ್ಯಕ್ಕೆ ಪಕ್ಕದ ಮನೆಯಲ್ಲಿ ತಯಾರಾದ ಸೀರೆ ಸಿಕ್ಕಿತು. ಐದನೆಯ ತಾರೀಖು ಸಂಜೆ ಬಾದಾಮಿ ಸೇರಿದೆವು. ಸೀರೆ ಯಾರಿಗೆ ಅಂತ ಸಾಹೇಬರು ಹೇಳಲಿಲ್ಲ. ‘ರೇಯೆಸ್’ ಅಂದರೆ ರಾಜರು, ‘ಸಪಾತೊ’ ಅಂದರೆ ಮೆಟ್ಟು ಅಂತ ಎರಡು ಮಾತು ಮಾತ್ರ ಕಲಿಸಿದರು. ಮೂವರು ರಾಜರು ಒಂಟೆ ಹತ್ತಿ ಬಂದು, ಬಾಗಿಲಲ್ಲಿ ಬಿಟ್ಟ ಮೆಟ್ಟಿನಲ್ಲಿ ಕಾಣಿಕೆ ಇಟ್ಟು ಹೋಗುತ್ತಾರಂತೆ. ಚೆಂದದ ಕಥೆ ಅಂತ ಕೇಳಿ ಮಲಗಿದೆ.

ಮುಂಜಾನೆ ಅಂಗಳಕ್ಕೆ ನೀರು ಹಾಕಲು ಹೋದ ಅವ್ವ ನನ್ನನ್ನು ಕರೆದಳು. ಜೋರಾಗಿ ಕರೆಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಬಾಗಿಲ ಕಟ್ಟೆಯ ಕೆಳಗೆ ಅವ್ವನ ಹಳೆಯ ಚಪ್ಪಲಿ. ಅದರ ಮೇಲೆ, ಮಡಿಕೆ ಬಿಚ್ಚದ ಹೊಸ ಸೀರೆ. ಮಡಿ ಮೈಲಿಗೆ ಅಂದರೆ ಅವ್ವನಿಗೆ ಉಸಿರಿನಷ್ಟೇ ಮುಖ್ಯ. ಹಿಂದೆ ನಿಂತ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

“ಜರಿ ಸೀರಿ ತಂದು ಮೆಟ್ಟಿನ ಮ್ಯಾಲ ಯಾರು ಇಟ್ಟಾರ?”

ನಾನು ತಡವರಿಸುತ್ತ ರಾಜರ ಕಥೆ ಹೇಳಿದೆ. ಸಾಹೇಬರು ಇಟ್ಟರು ಅಂದರೆ ಇನ್ನು ಅವರಿಗೆ ಈ ಮನೆಯ ಹೊಸ್ತಿಲು ಬಂದ್. ಆ ತಕರಾರು ರಾವಸಾಹೇಬರ ತನಕ ಹೋದರೆ ನನ್ನ ಗತಿ ಏನು?

“ರಾಜರು ಬಂದಿದ್ರು?”

“ಹೂಂ, ಅವ್ವ.”

“ಮೂರು ಮಂದಿ? ಒಂಟಿ ಮ್ಯಾಲ?”

“ಹೂಂ.”

“ಅಷ್ಟು ದೂರಿಂದ ಮೂರು ಮಂದಿ ಬಂದ್ರ, ಒಬ್ಬನ ಕಣ್ಣಿಗೂ ಇಷ್ಟು ದೊಡ್ಡ ಕಟ್ಟಿ ಕಾಣಲಿಲ್ಲೇನು?”

ಅವ್ವ ಸೀರೆಯನ್ನು ಎತ್ತಿ ನೀರಿನ ಕೊಡದ ಪಕ್ಕ ಇಟ್ಟಳು, ತೊಳೆದು ಸೊಸೆಗೆ ಕೊಡುವುದಕ್ಕೆ. ಆಮೇಲೆ ಓಣಿಯ ಕಡೆ ಕೈ ತೋರಿಸಿದಳು. ಮೋಟುಗೋಡೆಯ ಮೇಲೆ ಸಾಹೇಬರ ಟೋಪಿಯ ತುದಿ ಅಲುಗುತ್ತಿತ್ತು.

“ಗ್ವಾಡಿ ಹಿಂದ ಕೂತ ರಾಜಗ ಒಳಗ ಬಾ ಅನ್ನು. ಹಾಲು ಕಾಸೀನಿ.”

೫. ಹನ್ನೆರಡು ಹಣ್ಣು

ಇದನ್ನು ನಡುವೆ ಹೇಳಬೇಕಿತ್ತು. ಇಳಕಲ್ಲಿಗೆ ಹೊರಡುವ ಹಿಂದಿನ ದಿನ, ಡಿಸೆಂಬರ ಮೂವತ್ತೊಂದರಂದು ಆದದ್ದು. ಆದರೆ ಇದರ ಬಾಲ ಉದ್ದ, ಹಾಗಾಗಿ ಕಡೆಗೆ ಉಳಿಸಿಕೊಂಡೆ.

ಅವರ ದೇಶದಲ್ಲಿ ವರ್ಷದ ಕಡೆಯ ಮಧ್ಯರಾತ್ರಿ ಗಡಿಯಾರ ಹನ್ನೆರಡು ಹೊಡೆಯುವಾಗ, ಒಂದೊಂದು ಏಟಿಗೆ ಒಂದೊಂದು ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳಬೇಕು. ಮುಗಿಯುವ ತನಕ ಮಾತಾಡಬಾರದು, ಉಗುಳಬಾರದು. ಹಾಗೆ ಮಾಡಿದರೆ ವರ್ಷವೆಲ್ಲ ಒಳ್ಳೆಯದಾಗುತ್ತದೆ. ಹನ್ನೆರಡಕ್ಕೆ ‘ದೋಸೆ’, ದ್ರಾಕ್ಷಿಗೆ ‘ಉವಾಸ್’. ಹೀಗೆ ಆ ಆಚಾರದ ಹೆಸರು ‘ದೋಸೆ ಉವಾಸ್’. ರಾವಸಾಹೇಬರಿಗೆ ಬದಲಿಯ ಭಯ ಇನ್ನೂ ಹೋಗಿರಲಿಲ್ಲ, ವರ್ಷ ಒಳ್ಳೆಯದಾಗುವ ಮಾತು ಹಿಡಿಸಿತು. ಒಂಬತ್ತಕ್ಕೇ ಮಲಗುವವರಾದ್ದರಿಂದ ಮಧ್ಯಾಹ್ನದ ಹನ್ನೆರಡು ಗೊತ್ತುಮಾಡಿದರು. ದ್ರಾಕ್ಷಿ ಸಿಗಲಿಲ್ಲ. ಗುಡ್ಡದ ಬಾರಿಹಣ್ಣು, ಅಂದರೆ ಎಲಚಿ, ಆಗಬಹುದಲ್ಲ ಅಂದವನು ನಾನೇ. ದ್ರಾಕ್ಷಿ ನುಂಗಬಹುದು, ಬಾರಿಹಣ್ಣಿನಲ್ಲಿ ಗಟ್ಟಿ ಬೀಜ ಇರುತ್ತದೆ ಎಂಬುದು ಮೂರನೆಯ ಏಟಿಗೆ ನೆನಪಾಯಿತು.

ಕಚೇರಿಯ ಪಡಸಾಲೆಯಲ್ಲಿ ಸಾಹೇಬರು, ರಾವಸಾಹೇಬರು, ಶಿರಸ್ತೇದಾರರು, ನಾನು ಸಾಲಾಗಿ ನಿಂತಿದ್ದೆವು. ಸಿಪಾಯಿ ತಾಸು ಬಾರಿಸಿದ. ಹನ್ನೆರಡನೆಯ ಏಟಿಗೆ ನಾಲ್ವರ ಗಲ್ಲಗಳೂ ಊದಿಕೊಂಡಿದ್ದವು. ಅದೇ ಗಳಿಗೆಗೆ ಕುದುರೆಯ ಸಪ್ಪಳ ಕೇಳಿತು. ಎರಡು ದಿನ ಬಿಟ್ಟು ತಪಾಸಣೆಗೆ ಬರಬೇಕಾಗಿದ್ದ ಪ್ರಾಂತ ಸಾಹೇಬರು, ರಾವಸಾಹೇಬರ ಮೇಲಿನ ಅಧಿಕಾರಿ, ಅಂಗಳಕ್ಕೆ ಬಂದು ನಿಂತರು.

ಅದು ಪ್ಲೇಗಿನ ವರ್ಷ. ಸುತ್ತಲ ಎಷ್ಟೋ ಊರುಗಳಲ್ಲಿ ಮಂದಿ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಎಲ್ಲಿ ಗಂಟು, ಎಲ್ಲಿ ಬಾವು ಅಂತ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಕಾಲ.

“ಮಾಮಲೇದಾರರೆ, ಎಲ್ಲ ಕ್ಷೇಮವೆ?” ಅಂತ ಪ್ರಾಂತ ಸಾಹೇಬರು ಕಲಿತ ಕನ್ನಡದಲ್ಲಿ ಕೇಳಿದರು.

ಅವರೆದುರು ಉಗುಳುವಂತಿಲ್ಲ. ನುಂಗುವಂತಿಲ್ಲ. ರಾವಸಾಹೇಬರು ಕೈ ಮುಗಿದು “ಮ್ಮ್” ಅಂದರು. ಪ್ರಾಂತ ಸಾಹೇಬರು ಶಿರಸ್ತೇದಾರರ ಕಡೆ ತಿರುಗಿದರು. ಒಂದು ಬೀಜ ಗಂಟಲಿಗೆ ಇಳಿದು ಅವರ ಕಣ್ಣಿಂದ ನೀರು ಹರಿಯುತ್ತಿತ್ತು. ನನ್ನನ್ನು ನೋಡಿದರು, ಸ್ಪೇನ್ ಸಾಹೇಬರನ್ನು ನೋಡಿದರು. ನಾಲ್ಕು ಊದಿದ ಗಲ್ಲ. ಅವರ ಮುಖ ಬಿಳಿಚಿತು. ಮೂಗಿಗೆ ಕರವಸ್ತ್ರ ಒತ್ತಿ, ಕುದುರೆ ತಿರುಗಿಸಿ, ಬಂದದ್ದಕ್ಕಿಂತ ಜೋರಾಗಿ ಹೋದರು.

ಅವರ ತಂತಿ ಮುಟ್ಟಿ ಬಾಗಲಕೋಟೆಯಿಂದ ಡಾಕ್ಟರರು ಸಂಜೆಯ ರೈಲಿಗೇ ಬಂದರು. ನಮ್ಮ ಕೊರಳು, ಕಂಕುಳು ಎಲ್ಲ ಮುಟ್ಟಿ ನೋಡಿದರು. ಗಂಟು ಎಲ್ಲಿ ಅಂತ ಕೇಳಿದಾಗ ರಾವಸಾಹೇಬರು ತಲೆ ತಗ್ಗಿಸಿ ಬೀಜ ತುಂಬಿದ ಹರಿವಾಣ ತೋರಿಸಿದರು. ಡಾಕ್ಟರರು ಕೈ ತೊಳೆದುಕೊಂಡು ಹೋದರು. ಪ್ರಾಂತ ಸಾಹೇಬರಿಗೆ ಬರೆಯಬೇಕಾದ ವರದಿ ಮಾತ್ರ ಉಳಿಯಿತು.

“ಬಾರಿಹಣ್ಣು ಅಂತ ಬರದ್ರ ನೌಕರಿ ಹೋಗ್ತದ. ಸುಳ್ಳು ಬರದ್ರೂ ಹೋಗ್ತದ,” ಅಂದರು ರಾವಸಾಹೇಬರು. “ಮಾಸ್ತರ, ಸಾಹೇಬ್ರ ಮಾತಿನ್ಯಾಗ ಇದಕ್ಕೇನಂತಾರಂದ್ರಿ?”

ಹೇಳಿದೆ. ಅವರು ಬರೆದರು: “ನಮ್ಮ ಗಲ್ಲದ ಬಾವು ಪ್ಲೇಗಿನದಲ್ಲ. ದೋಸೆ ಉವಾಸದ ಪರಿಣಾಮವಾಗಿ ಬಂದದ್ದು, ತಾಸಿನೊಳಗೆ ಇಳಿಯಿತು.”

ಸಾಹೇಬರು ಫೆಬ್ರುವರಿಯಲ್ಲಿ ಖುಷಿಯಿಂದಲೇ ಊರು ಬಿಟ್ಟರು. ನನ್ನ ನೌಕರಿ ಕಾಯಂ ಆಯಿತು. ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಆದರೆ ಪ್ರಾಂತ ಕಚೇರಿಯ ಗುಮಾಸ್ತ ನಮ್ಮ ವರದಿಯನ್ನು ನಕಲು ಮಾಡುವಾಗ ‘ಪ್ಲೇಗಿನದಲ್ಲ’, ‘ಬಂದದ್ದು’ ಎಂಬ ಎರಡನ್ನೂ ಬಿಟ್ಟಿದ್ದ, ‘ಉವಾಸ’ವನ್ನು ತಿದ್ದಿದ್ದ, ಮತ್ತು ಪ್ಲೇಗಿನ ಕಾಲವಲ್ಲವೇ ಅಂತ ಎಲ್ಲ ತಾಲೂಕುಗಳಿಗೂ ಕಳಿಸಿದ್ದ. ಒಂದು ದಿನ ರಾವಸಾಹೇಬರು ನನ್ನನ್ನು ಕರೆಸಿ ಒಂದು ಪತ್ರ ಮುಂದೆ ಸರಿಸಿದರು. ಹುನಗುಂದದ ಕಚೇರಿಯಿಂದ ಬಂದದ್ದು. ಅದರಲ್ಲಿ ಹೀಗಿತ್ತು:

“ಬಾದಾಮಿಯಲ್ಲಿ ಬಾವು ‘ದೋಸೆ ಉಪವಾಸದ ಪರಿಣಾಮವಾಗಿ ತಾಸಿನೊಳಗೆ ಇಳಿಯಿತು’ ಎಂದು ತಿಳಿದು ಸಂತೋಷವಾಯಿತು. ರೋಗಿಗೆ ಮೊದಲು ದೋಸೆ ತಿನ್ನಿಸಿ ಆಮೇಲೆ ಉಪವಾಸ ಮಾಡಿಸಬೇಕೋ, ಉಪವಾಸ ಮಾಡಿಸಿ ಆಮೇಲೆ ದೋಸೆ ತಿನ್ನಿಸಬೇಕೋ, ಕೂಡಲೇ ತಿಳಿಸಬೇಕು. ಹಿಟ್ಟು ರುಬ್ಬಿಸಿ ಇಡಲಾಗಿದೆ. ಹುಳಿ ಬರುವುದರೊಳಗೆ ಉತ್ತರ ಬರಬೇಕು.”