ಮಂಗಳಾರತಿಯ ಹೊತ್ತಿಗೆ ಬಂದ ಗೃಹಸಾಲ

ಗೃಹಸಾಲಕ್ಕಾಗಿ ಯಾವ ಮ್ಯಾನೇಜರನ ಮುಂದೆಯೂ ಕೈಕಟ್ಟಿ ನಿಲ್ಲುವುದಿಲ್ಲ, ಕೂತ ಕುರ್ಚಿಯಿಂದಲೇ ಮುಂಬಯಿಯ ಸಕಲ ಬ್ಯಾಂಕುಗಳನ್ನೂ ನನ್ನೆದುರು ಕೈಕಟ್ಟಿ ನಿಲ್ಲಿಸುತ್ತೇನೆ ಎಂದು ೨೦೦೯ರ ಒಂದು ಮಧ್ಯಾಹ್ನ ವಾಸು ಪಣ ತೊಟ್ಟ. ಈ ಕತೆಯನ್ನು ಅವನೇ ಲೋಕಲ್ ಟ್ರೈನಿನಲ್ಲಿ ನೇತಾಡುತ್ತ ನನಗೆ ಎಷ್ಟೋ ಸಲ ಹೇಳಿದ್ದ. ಈಗ ಅವನಿಲ್ಲ. ಅವನಷ್ಟು ಚೆನ್ನಾಗಿ ಹೇಳಲು ನನಗೆ ಬಾರದು. ಹೇಳದೆ ಬಿಟ್ಟರೆ ಇದೂ ಹೋಗಿಬಿಡುತ್ತದೆ.

ಡೊಂಬಿವಲಿಯಲ್ಲಿ ವಾಸು ಇದ್ದದ್ದು ಅಣ್ಣ ದಯಾನಂದನ ಮನೆಯಲ್ಲಿ. ಒಂದು ಹಾಲ್, ಒಂದು ಅಡುಗೆಮನೆ, ಒಂದು ಬೆಡ್‌ರೂಮ್. ವಾಸುವಿನ ಮದುವೆಯಾದ ದಿನ ಅಣ್ಣ ಆ ಬೆಡ್‌ರೂಮನ್ನು ತಮ್ಮನಿಗೆ ಬಿಟ್ಟುಕೊಟ್ಟು, ಹೆಂಡತಿ ಲೋಲಾಕ್ಷಿಯೊಡನೆ ಹಾಲ್‌ನಲ್ಲಿ ಚಾಪೆ ಹಾಸಿದವನು. ಅಂಥ ಅಣ್ಣನಿಗೆ ‘ನಾವು ನೆರೂಳದಲ್ಲಿ ಬೇರೆ ಮನೆ ಮಾಡುತ್ತೇವೆ’ ಎಂದು ಯಾವ ಬಾಯಿಂದ ಹೇಳುವುದು? ಅವನ ಎದೆಯೊಡೆದು ಹೋಗದೆ? ಕಂಪ್ಯೂಟರಿನಲ್ಲೇ ಸಾಲ ಹುಡುಕಿ, ಎಲ್ಲ ಮುಗಿದ ಮೇಲೆ ಮೆಲ್ಲಗೆ ತಿಳಿಸುವುದೆಂದು ವಾಸುವಿನ ಮಹಾಯೋಜನೆ.

“ಒಂದು ಮಾತು ಬಾಯಿಬಿಟ್ಟು ಹೇಳಿ. ಅದಕ್ಕೆ ಕಂಪ್ಯೂಟರ್ ಬೇಡ,” ಎಂದಳು ಹೆಂಡತಿ ವಿನೋದಾ.

“ನಿನಗೆ ಗೊತ್ತಾಗುವುದಿಲ್ಲ. ಅಣ್ಣನಿಗೆ ತಡೆದುಕೊಳ್ಳಲಿಕ್ಕೆ ಆಗಲಿಕ್ಕಿಲ್ಲ.”

“ಹೇಳಲಿಕ್ಕೆ ಆಗದ್ದು ನಿಮಗೆ.”

ಆಫೀಸಿನ ಊಟದ ಬಿಡುವಿನಲ್ಲಿ ವಾಸು ಸಾಲಗಳನ್ನು ಹೋಲಿಸಿ ತೋರಿಸುವ ವೆಬ್‌ಸೈಟ್ ತೆರೆದ. ಆಹಾ! ಸ್ಥಿರ ಬಡ್ಡಿ, ಏರಿಳಿಯುವ ಬಡ್ಡಿ, ಎಲ್ಲ ಬಡ್ಡಿಗಳೂ ಸ್ವಯಂವರಕ್ಕೆ ಬಂದ ರಾಜಕುಮಾರರಂತೆ ಸಾಲಾಗಿ ನಿಲ್ಲುತ್ತವಂತೆ. ಆದರೆ ಮೊದಲು ಹೆಸರು, ಫ್ಲ್ಯಾಟ್ ಕೊಳ್ಳುವ ಜಾಗ, ಫೋನ್ ನಂಬರ್ ಕೊಡಬೇಕು. ಅವನ ಮೊಬೈಲ್ ಸಂಜೆಯಾದರೆ ಮನೆಯ ಟಿವಿ ಮೇಲೆ ಚಾರ್ಜಿಗೆ ಕೂತಿರುತ್ತದೆ. ರಿಂಗಾದರೆ ಎತ್ತುವವನು ಅಣ್ಣ. ಆಫೀಸಿನ ನಂಬರ್ ಕೊಟ್ಟರೆ ಸಾಹೇಬರು ಎತ್ತುತ್ತಾರೆ. ಆಗ ಹೊಳೆಯಿತು, ತಾನು ಕಾರ್ಯದರ್ಶಿಯಾಗಿರುವ ಭಜನಾ ಮಂಡಳಿಯ ಫೋನ್! ಮಂಡಳಿಯ ಬಾಗಿಲು ತೆರೆಯುವುದೇ ಶನಿವಾರ ಸಂಜೆ. ಶನಿವಾರ ಬ್ಯಾಂಕಿಗೆ ಅರ್ಧ ದಿನ. ಕರೆ ಬರುವಾಗ ಕೇಳುವವರಿಲ್ಲ, ಕೇಳುವವರಿರುವಾಗ ಕರೆಯಿಲ್ಲ. ತನ್ನ ಬುದ್ಧಿಗೆ ತಾನೇ ಬೆರಗಾಗಿ ವಾಸು ಆ ನಂಬರ್ ಒತ್ತಿದ.

ಸಾಲ ಮಾರುವವರು ಬ್ಯಾಂಕಿನ ಗಡಿಯಾರ ನೋಡುವವರಲ್ಲ ಎಂಬುದು ಅವನಿಗೆ ತಿಳಿದಿರಲಿಲ್ಲ. ವಾರವಿಡೀ ಬೀಗ ಹಾಕಿದ ಕೋಣೆಗೆ ಫೋನ್ ಮಾಡಿ ಸೋತವರೆಲ್ಲ ಶನಿವಾರ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಮುಗಿಬಿದ್ದರು. ಅಣ್ಣ ಮಂಡಳಿಯ ಅಧ್ಯಕ್ಷ. ಅವನ ಕೈಯಲ್ಲಿ ಆರತಿ. ವಾಸುವಿನ ಕೈಯಲ್ಲಿ ತಾಳ. ಫೋನಿನ ಬಳಿ ನಿಂತಿದ್ದ ಮಂಡಳಿಯ ಸದಸ್ಯ ಕಮಲಾಕ್ಷ ಅದನ್ನೆತ್ತಿದ. ಜಾಗಟೆಯ ಸದ್ದಿನಲ್ಲಿ ಕೇಳಿಸಲೆಂದು ಅವನು ಗಂಟಲು ಹರಿಯುವಂತೆ ಕೂಗುವುದಕ್ಕೂ ಜಾಗಟೆ ನಿಲ್ಲುವುದಕ್ಕೂ ಸರಿಹೋಯಿತು.

“ವಾಸಣ್ಣ, ನೆರೂಳದಲ್ಲಿ ಫ್ಲ್ಯಾಟ್ ತಗೊಳ್ಳುವುದು ನೀವೇ ಅಲ್ಲವಾ? ಲೋನ್ ಎಷ್ಟು ವರ್ಷಕ್ಕೆ ಅಂತ ಕೇಳ್ತಾ ಇದ್ದಾರೆ!”

ಅದನ್ನು ಇಡುವಷ್ಟರಲ್ಲಿ ಮತ್ತೊಂದು ಕರೆ. ಅದರ ಬೆನ್ನಿಗೆ ಇನ್ನೊಂದು. ಎಲ್ಲರ ಕಣ್ಣೂ ದೇವರನ್ನು ಬಿಟ್ಟು ವಾಸುವಿನ ಮೇಲೆ ನೆಟ್ಟಿತ್ತು. ಅಣ್ಣ ಮಾತ್ರ ಅವನತ್ತ ನೋಡಲಿಲ್ಲ. ತಾನೊಬ್ಬನೇ ಅಣ್ಣನ ಬಳಿ ಕೂತು ಹೇಳಬೇಕಾಗಿದ್ದ ಮಾತನ್ನು ಗುರುತಿಲ್ಲದ ಬ್ಯಾಂಕಿನವರು ಸರದಿಯ ಮೇಲೆ ಹೇಳುತ್ತಿದ್ದರು. ವಾಸು ತಾಳದ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತ.

ದಯಾನಂದ ಆರತಿ ಮುಗಿಸಿದ. ಪ್ರಸಾದ ಹಂಚಿದ. ಮತ್ತೆ ಫೋನ್ ಬಂದಾಗ ತಾನೇ ಎತ್ತಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಪಳಗಿದ ಹಿಂದಿಯಲ್ಲಿ ಬಡ್ಡಿ, ಅವಧಿ ಎಲ್ಲ ವಿಚಾರಿಸಿ, ಚೌಕಾಶಿ ಮಾಡಿ ಕಾಲು ಶೇಕಡಾ ಇಳಿಸಿಯೂ ಬಿಟ್ಟ.

ಮನೆಯ ದಾರಿಯಲ್ಲಿ ವಾಸುವಿಗೆ ತಲೆ ಎತ್ತಲಾಗಲಿಲ್ಲ. “ಅಣ್ಣ, ನೀವು ಬೇಜಾರು ಮಾಡಿಕೊಳ್ತೀರಿ ಅಂತ ಹೇಳಲಿಲ್ಲ,” ಎಂದ ಕಡೆಗೆ.

ದಯಾನಂದ ಸೊಂಟಕ್ಕೆ ಕೈಕೊಟ್ಟು ನಿಂತ.

“ನಿನ್ನ ಮದುವೆಯಿಂದ ಹಾಲ್‌ನ ನೆಲದಲ್ಲಿ ಮಲಗಿದ್ದೇನೆ ಮಾರಾಯ. ಫ್ಲ್ಯಾಟಿನ ಕೀ ಯಾವಾಗ ಸಿಗ್ತದೆ, ಅದೊಂದು ಕೇಳಲಿಕ್ಕೆ ಮರೆತೆ.”